ಭರಣಿಯಲ್ಲಿ ಎಂಟು ದಿನ

ಮುದ್ದಕ್ಕ ಮೊದಲ ಸಲ ಬಂದಾಗ ನಾನು ನನ್ನ ರಿಪೇರಿ ಅಂಗಡಿಯಲ್ಲಿ ಯಾರದೋ ಸ್ಟೌ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಸ್ಟೌ ಬಿಚ್ಚಿದ ಹೊತ್ತಿನಲ್ಲಿ ಈ ನಬೀ ಸಾಬನನ್ನು ಮಾತಾಡಿಸಬಾರದು ಅನ್ನುವುದು ಶಿರಾದವರಿಗೆಲ್ಲ ಗೊತ್ತು. ಬಡವನಹಳ್ಳಿಯಿಂದ ಬಂದವಳಿಗೆ ಹೇಗೆ ಗೊತ್ತಾಗಬೇಕು? ಸೆರಗಿನ ಗಂಟಿನಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು, ಬಿಚ್ಚಿದ ಬರ್ನರಿನ ಮೇಲೇ ಇಟ್ಟಳು.

"ವಸಿ ಓದಿ ಯೋಳಿ ಸಾಬ್ರೇ. ನಿಮ್ಮ ಎಸ್ರೂ ಅದ್ರಾಗೆ ಐತಂತೆ."

ಬೈಯಬೇಕೆಂದಿದ್ದೆ. ನನ್ನ ಹೆಸರೂ ಇದೆ ಅಂದದ್ದಕ್ಕೆ ಕನ್ನಡಕ ಹಾಕಿಕೊಂಡೆ. ಆಗ ಅರವತ್ತೆರಡನೇ ಇಸವಿಯ ಶ್ರಾವಣ. ಕಾಗದ ಬರೆದವನು ಅವಳ ಗಂಡ ಅಂಜನಪ್ಪ. ನಾಲ್ಕು ವರ್ಷದಿಂದ ಕಾರವಾರದ ಒಂದು ಬಂಗಲೆಯಲ್ಲಿ ಕೆಲಸ. ಸಮುದ್ರದ ಬಂಡೆ ಮೇಲೆ ನಿಂತು ಗಾಳ ಹಾಕಿ, ಅಲ್ಲಿ ತಂಗುವ ದೊಡ್ಡಮನುಷ್ಯರ ಊಟಕ್ಕೆ ಮೀನು ಒದಗಿಸುವುದು. ವರ್ಷಕ್ಕೊಂದು ಸಲ ಊರಿಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ. ದೊರೆಯೊಬ್ಬ ಬಿಟ್ಟುಹೋದ ಗಾಳದ ಕೋಲು, ದಾರ ಸುತ್ತುವ ರೀಲು, ಇವೇ ಅವನ ಬಂಡವಾಳ. ಆ ರೀಲಿನ ಹಲ್ಲು ಸವೆದಿದೆಯಂತೆ.

"ಇದು ಕೈಕೊಟ್ಟರೆ ನನಗೆ ಇಲ್ಲಿ ಕೆಲಸವಿಲ್ಲ, ಊರಿಗೆ ಬಂದುಬಿಡಬೇಕಾಗುತ್ತದೆ," ಎಂದು ಬರೆದಿದ್ದ. "ಜೊತೆಗೆ ಇನ್ನೊಂದು ಇಟ್ಟುಕೊಂಡಿರಬೇಕು. ಹೊಸದು ಕೊಳ್ಳುವ ಶಕ್ತಿ ಇಲ್ಲ. ಹೋದ ಸಲ ಶಿರಾದಲ್ಲಿ ಬಸ್ಸಿಗೆ ಕಾಯುವಾಗ ನಬೀ ಸಾಬರ ಬೀರುವಿನಲ್ಲಿ ಎರಡು ನೋಡಿದ್ದೆ. ಕಡಿಮೆಗೆ ಸಿಗುವಂಥದ್ದು, ಉಪ್ಪುನೀರು ತಡೆಯುವಂಥದ್ದು ನೋಡಿ ಕಳಿಸು."

ಊರಿಗೆ ಬಂದುಬಿಡಬೇಕಾಗುತ್ತದೆ ಅನ್ನುವ ಸಾಲನ್ನು ಇನ್ನೊಂದು ಸಲ ಓದಿಸಿದಳು. ನನಗೆ ಕಿವಿ ಮಂದವಿದ್ದರೂ ಅವಳಿಗೆ ಮಂದವಿಲ್ಲ, ಆದರೂ ಓದಿದೆ.

ಎರಡು ರೀಲನ್ನೂ ತೆಗೆದು ಮುಂದಿಟ್ಟೆ. ಬೆಂಗಳೂರಿನ ಗುಜರಿಯಲ್ಲಿ ಹಳೇ ಬೀಗಗಳ ಜೊತೆ ಬಂದ ಮಾಲು. ಒಂದು ಬೆಳ್ಳಿಯ ಹಾಗೆ ಫಳಫಳ. ಇನ್ನೊಂದು ಕಪ್ಪು, ಬಣ್ಣ ಎದ್ದದ್ದು, ತೂಕದ್ದು, ಒಳಗೆ ಹಿತ್ತಾಳೆಯ ಚಕ್ರ. ಹಿಡಿ ತಿರುಗಿಸಿದರೆ ತಂತಿಯ ಬಳೆಯೊಂದು ಸುತ್ತ ಓಡಿ ದಾರ ಸುತ್ತಿಕೊಡುತ್ತದೆ.

"ಯಾವ್ದು ಬಾಳಿಕೆ ಬರ್ತದೆ?"

"ನಾನು ಸಮುದ್ರ ಕಂಡೋನಲ್ಲ ಕಣಮ್ಮ. ಉಪ್ಪಲ್ಲಿ ಅದ್ದಿ ನೋಡ್ದೇ ಹೆಂಗೆ ಯೋಳ್ಲಿ?"

ಅವಳು ಕಪ್ಪುದ್ದನ್ನು ಕೈಯಲ್ಲಿ ತೂಗಿ ನೋಡಿದಳು. "ನಮ್ಮನೇಲಿ ಹೋದ್ವರ್ಸದ ಮಾವಿನಕಾಯಿ ಮುಗ್ದು ಭರಣೀಲಿ ರಸ ಹಂಗೇ ಉಳ್ದೈತೆ. ಕಬ್ಬಿಣದ ಸೌಟು ಇಟ್ರೂ ತಿಂದಾಕ್ತದೆ. ಎಂಟು ದಿನ ಮುಳುಗಿಸ್ಲಾ?"

ಐವತ್ತು ವರ್ಷ ಲೋಹದ ಜೊತೆ ಕಳೆದವನು ನಾನು. ನನಗೆ ಹೊಳೆಯದ್ದು ಈ ಹೆಂಗಸಿಗೆ ಹೊಳೆಯಿತಲ್ಲ ಎಂದು ಹೊಟ್ಟೆಕಿಚ್ಚಾಯಿತು. ಎರಡನ್ನೂ ನಂಬಿಕೆಯ ಮೇಲೆ ಕೊಟ್ಟು ಕಳಿಸಿದೆ.

ಒಂಬತ್ತನೇ ದಿನ ಬಾಳೆಎಲೆಯಲ್ಲಿ ಸುತ್ತಿಕೊಂಡು ಬಂದಳು. ಅಂಗಡಿಯೆಲ್ಲ ಇಂಗು, ಸಾಸಿವೆ, ಹುಳಿ. ಫಳಫಳದ್ದು ಮುಗಿದುಹೋಗಿತ್ತು: ಸ್ಕ್ರೂಗಳೆಲ್ಲ ಕೆಂಪು ತುಕ್ಕು, ಬಳೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಕಪ್ಪುದ್ದಕ್ಕೆ ಅಲ್ಲಲ್ಲಿ ಹಸಿರು ಹತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಿರುಗಿಸಿದರೆ ಸದ್ದೇ ಇಲ್ಲ.

"ಗೆದ್ದೆ ಬುಡು ತಾಯಿ," ಅಂದೆ. "ಈ ಕರಿಯ ನಿನ್ನ ಗಂಡನ ಕಾಲಕ್ಕೂ ಕೆಡಲ್ಲ."

ಅವಳು ತುಕ್ಕು ಹಿಡಿದದ್ದರ ಮೇಲೆ ಕೈಯಿಟ್ಟಳು. "ಇದನ್ನ ಕೊಡಿ ಸಾಬ್ರೇ. ಮ್ಯಾಲೆ ತಿಕ್ಕಿ ಹೊಳೆಯಂಗೆ ಮಾಡ್ಕೊಡಿ, ಸಾಕು."

ತಪ್ಪು ತಿಳಿದಳೇನೋ ಎಂದುಕೊಂಡು ಮತ್ತೆ ತೋರಿಸಿದೆ. ಅದಲ್ಲ, ಇದು. ಅವಳು ತಲೆ ಅಲ್ಲಾಡಿಸಿದಳು. ಆಗ ನನಗೆ ಪಿತ್ತ ನೆತ್ತಿಗೇರಿತು. ಕೆಟ್ಟ ಮಾಲಿಗೆ ಹೊಳಪು ಕೊಟ್ಟು ಕಳಿಸುವುದಕ್ಕೆ ಇದೇನು ಜಾತ್ರೆಯ ಅಂಗಡಿಯೇ ಎಂದು ಕೂಗಾಡಿದೆ. ಪಕ್ಕದ ಅಂಗಡಿಯವರು ಇಣುಕಿದರು.

ಮುದ್ದಕ್ಕ ಹೆದರಲಿಲ್ಲ. ಮೆಲ್ಲಗೆ ಹೇಳಿದಳು. "ಒಳ್ಳೇದು ಕಳ್ಸಿದ್ರೆ ನಮ್ಮೋರು ಇನ್ನಾಕು ವರ್ಸ ಅಲ್ಲೇ ಇರ್ತಾರೆ. ಕೆಟ್ರೆ ಬರ್ತಾರೆ. ಅವ್ರೇ ಬರ್ದವ್ರೆ, ನೀವೇ ಓದಿದ್ರಲ್ಲ. ನಂಗೆ ಮೀನೂ ಬ್ಯಾಡ, ಸಂಬ್ಳಾನೂ ಬ್ಯಾಡ. ಸಂಜೆ ಆಯ್ತು ಅಂದ್ರೆ ಬಾಗ್ಲು ಕಡೀಕೇ ನೋಡ್ತಿರ್ತೀನಿ ಸಾಬ್ರೇ. ನೋಡೀ ನೋಡೀ ಸಾಕಾಗೋಗೈತೆ."

ಇಣುಕಿದವರನ್ನು ಕೈಬೀಸಿ ಕಳಿಸಿದೆ. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕಿತ್ತು. ಬಳೆಯನ್ನು ಅರ್ಧಕ್ಕೆ ತಿರುಗಿಸಿ ತೋರಿಸಿದೆ.

"ನೋಡು, ಇಲ್ಲಿ ಸಿಕ್ಕೊಳ್ತದೆ. ಆ ಕಡೆ ದೊಡ್ಡ ಮೀನು ಎಳೀತಿರ್ತದೆ. ನಿನ್ನ ಗಂಡ ದಾರ ಬುಟ್ಬುಡ್ತಾನಾ? ಬುಡಲ್ಲ. ಕೈಗೆ ಸುತ್ಕೊಂಡು ಬಂಡೆ ಇಳೀತಾನೆ. ಬಂಡೆ ಪಾಚಿ ಕಟ್ಟಿರ್ತದೆ."

ಅವಳು ತುಕ್ಕಿನ ರೀಲನ್ನು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ದೂರ ತಳ್ಳಿದಳು. "ಕರೀದೇ ಕಳ್ಸಿ," ಅಂದಳು. "ಇರ್ಲಿ. ಎಲ್ಲಾದ್ರೂ ಇರ್ಲಿ."

ಕಪ್ಪು ರೀಲನ್ನು ಬಿಚ್ಚಿ ಎಣ್ಣೆ ಹಾಕಿದೆ. ಆಮೇಲೆ ಉಪ್ಪಿನಕಾಯಿಯ ನಾತ ತೊಳೆಯಲು ಸೀಮೆಎಣ್ಣೆಯ ತಟ್ಟೆಗೆ ಕೈ ಹಾಕಿದೆ. ನಾನು ಶುಚಿಯ ಮನುಷ್ಯ, ವಾಸನೆ ನನಗಾಗದು. ನನ್ನ ಹೆಂಡತಿ ಚಾಂದ್ ಬಿ ಇದ್ದಾಗ ಇದಕ್ಕೇ ಜಗಳ. ಉಪ್ಪಿನಕಾಯಿ ಕಾಲ ಬಂತೆಂದರೆ ಅವಳ ಕೈ, ಸೆರಗು, ತಲೆದಿಂಬು ಎಲ್ಲಾ ಇಂಗು ಸಾಸಿವೆ. ನಾನು ಮೂಗು ಮುಚ್ಚಿಕೊಂಡು ತಿರುಗುತ್ತಿದ್ದೆ. ಅವಳು ತೀರಿಹೋಗಿ ಆರು ವರ್ಷವಾಗಿತ್ತು.

ಮುದ್ದಕ್ಕ ರೀಲಿನ ಮೇಲೆ ಅಂಗೈ ಮುಚ್ಚಿದಳು. "ತೊಳೀಬ್ಯಾಡಿ."

"ಮೀನು ಓಡೋಗ್ತವೆ ಕಣಮ್ಮ ಈ ನಾತಕ್ಕೆ."

"ಓಡೋಗ್ಲಿ."

ಗೊಣಗುತ್ತಲೇ ಹಾಗೇ ಡಬ್ಬಿಗೆ ಹಾಕಿ, ಬಟ್ಟೆ ಹೊಲಿದು, ವಿಳಾಸ ಬರೆದೆ. ಅವಳೇ ಪೋಸ್ಟಾಫೀಸಿಗೆ ಹೊತ್ತುಕೊಂಡು ಹೋದಳು.

ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ಹುಬ್ಬಳ್ಳಿ ಕಡೆಯ ಬಸ್ಸಿನಿಂದ ಇಳಿದ ಒಬ್ಬ ಆಸಾಮಿ, ಬಿಸಿಲಿಗೆ ಕಪ್ಪಾದವನು, ಟ್ರಂಕು ಹೊತ್ತುಕೊಂಡು ನೇರ ಅಂಗಡಿಗೆ ಬಂದ. ಅಂಜನಪ್ಪ ಅಂತ ಹೇಳಿಕೊಂಡು ಚೀಲದಿಂದ ಆ ಕಪ್ಪು ರೀಲನ್ನು ತೆಗೆದ. ನಾನು ಎದ್ದೇ ನಿಂತೆ.

"ಕೆಟ್ಟೋಯ್ತಾ? ಕೆಡೋ ಮಾಲೇ ಅಲ್ಲ ಅದು! ಏನ್ ಮಾಡ್ದೆ?"

"ಏನೂ ಕೆಟ್ಟಿಲ್ಲ ಸಾಬ್ರೇ. ನಾನಿನ್ನೂ ಇದಕ್ಕೆ ದಾರಾನೇ ಸುತ್ತಿಲ್ಲ." ಅವನು ರೀಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಡಬ್ಬಿ ಬಿಚ್ದೆ. ನಮ್ಮನೆ ಭರಣಿ ವಾಸ್ನೆ. ಇದನ್ನ ತಗಂಡೋಗಿ ಸಮುದ್ರಕ್ಕೆ ಅದ್ದಿದ್ರೆ ಅದು ಓಗ್ಬುಡ್ತದಲ್ಲ ಅಂತ ಮನ್ಸೇ ಬರ್ಲಿಲ್ಲ. ಎಲ್ಡು ತಿಂಗ್ಳು ತಲೆದಿಂಬಿನ ಕೆಳಗಿಟ್ಕೊಂಡು ಮಲಿಕ್ಕೊಂಡೆ. ಅಷ್ಟ್ರಾಗೆ ಹಳೇದು ನಿಂತೋಯ್ತು."

"ಎಷ್ಟು ದಿನ ರಜಾ?"

"ರಜಾ ಕೇಳ್ಲಿಲ್ಲ. ಬಂದ್ಬುಟ್ಟೆ."

ಹಾಗಾದರೆ ರೀಲು ವಾಪಸ್ಸು ಕೊಡು, ಯಾರಿಗಾದರೂ ಮಾರಿಕೊಡುತ್ತೇನೆ ಅಂದೆ. ಅವನು ನಕ್ಕು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಅಷ್ಟರಲ್ಲಿ ಮಧುಗಿರಿಯ ಬಸ್ಸು ಹಾರನ್ ಮಾಡಿತು. ಹೋಗಿ ಬರುತ್ತೇನೆ ಅಂತಲೂ ಹೇಳದೆ ಟ್ರಂಕು ಎತ್ತಿಕೊಂಡು ಓಡಿದ. ಮುದ್ದಕ್ಕನಿಗೆ ಇನ್ನೂ ಗೊತ್ತಿರಲಿಲ್ಲ. ಬಸ್ಸು ಬಡವನಹಳ್ಳಿ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತಿತ್ತು, ಅವಳು ಬಾಗಿಲ ಕಡೆ ನೋಡುವ ಹೊತ್ತು.

ಅವತ್ತು ನನಗೆ ಕೆಲಸ ಕೈಗೆ ಹತ್ತಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದೆ. ಅಡುಗೆಮನೆಯ ಅಟ್ಟದ ಮೇಲೆ ಚಾಂದ್ ಬಿಯ ಭರಣಿ ಇತ್ತು. ಸ್ಟೂಲು ಹತ್ತಿ ಇಳಿಸಿಕೊಂಡು, ಮುಚ್ಚಳ ತೆಗೆದು, ಮೂಗು ಒಳಗಿಟ್ಟು ಉಸಿರೆಳೆದೆ. ಏನೂ ಇರಲಿಲ್ಲ. ಅವಳು ತೀರಿಕೊಂಡ ವಾರದಲ್ಲೇ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದಿಟ್ಟವನು ನಾನೇ.