ಗೇಣಿನಲ್ಲಿ ಅಳೆದ ಮನೆ

ಲಂಡನ್ನಿನಿಂದ ಅಣ್ಣ ಅಲೆಕ್ಸನ ಎರಡನೆಯ ಕಾಗದ ಬಂದಾಗ ಗೆರ್ಟ್ರೂಡ್ ಬಂಗುಡೆ ಮೀನು ಸ್ವಚ್ಛ ಮಾಡುತ್ತಿದ್ದಳು. ಅಂಚೆಯವನು ಗೇಟಿನಲ್ಲಿ ಕೂಗಿದ್ದೇ ತಡ, ಬಾವಿಕಟ್ಟೆಗೆ ಓಡಿ, ಬೂದಿ ಹಾಕಿ ಎರಡು ಸಲ ಕೈ ತಿಕ್ಕಿದಳು. ಆ ಕಾಗದದಲ್ಲಿ ತನಗೂ ಒಂದು ಸುದ್ದಿ ಇರಬೇಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಅಲೆಕ್ಸ್ ಅವಳಿಗಿಂತ ಒಂದೇ ವರ್ಷ ದೊಡ್ಡವನು. ದೇರೆಬೈಲಿನಿಂದ ಇಬ್ಬರೂ ಒಟ್ಟಿಗೆ ನಡೆದು ಶಾಲೆಗೆ ಹೋಗುತ್ತಿದ್ದರು. ಅವಳು ಏಳನೆಯ ಕ್ಲಾಸಿನಲ್ಲಿದ್ದಾಗ ತಾಯಿ ಹೆಲನ್‌ಬಾಯಿಯ ಕಣ್ಣು ಮಂಜಾಯಿತು. ಒಲೆಯ ಮುಂದೆ ಯಾರಾದರೂ ಬೇಕಿತ್ತು. ಯಾರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಲೆಕ್ಸ್ ಓದಿದ, ಬೊಂಬಾಯಿಯ ಸೋದರಮಾವನಲ್ಲಿ ನಿಂತು ಇನ್ನಷ್ಟು ಓದಿದ, ಕಟ್ಟಡ ಕಟ್ಟುವ ವಿದ್ಯೆ ಕಲಿಯಲು ಮಾವನೇ ಅವನನ್ನು ಹಡಗು ಹತ್ತಿಸಿದ.

ತಂದೆ ಜಾರ್ಜ್ ಮನೆಗಳ ಮಾಡಿನ, ಎಂದರೆ ಸೂರಿನ, ಮರಗೆಲಸದ ಮೇಸ್ತ್ರಿ. ಹಂಚು, ಹಂಚು ಹೊರುವ ಪಕ್ಕಾಸು, ರೀಪು ಎನ್ನುತ್ತಾ ಊರೆಲ್ಲ ಮಾಡು ಏರಿ ಇಳಿದವನು. ಅವನ ಮಡಚುವ ಅಡಿಕೋಲನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. "ಹೆಂಗಸರ ಕೈ ತಾಗಿದರೆ ಅಳತೆ ತಪ್ತದೆ," ಎಂದು ತಮಾಷೆ ಮಾಡುತ್ತಿದ್ದ. ಆದರೆ ಆ ತಮಾಷೆ ಮೀರಿ ಅವಳು ಎಂದೂ ಅದನ್ನು ಮುಟ್ಟಲಿಲ್ಲ.

ಅದಕ್ಕೇ ಅವಳು ಮನೆಯನ್ನು ಗೇಣಿನಲ್ಲಿ ಅಳೆದಳು. ತಂದೆ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ತಾಯಿ ಮಲಗಿದ ಮೇಲೆ, ಗೋಡೆಗೆ ಹೆಬ್ಬೆರಳು ಕಿರುಬೆರಳು ಚಾಚಿ ಚಾಚಿ. ಅಂಗಡಿಯಿಂದ ಜೀನಸು ಕಟ್ಟಿ ಬಂದ ದಪ್ಪ ಕಾಗದದ ಮೇಲೆ ತಂದೆಯ ತುಂಡು ಪೆನ್ಸಿಲಿನಿಂದ ಜಗಲಿ, ಪ್ರಾರ್ಥನೆಯ ಅಲ್ತಾರಿನ ಕೋಣೆ, ಅಡುಗೆಮನೆ, ಬಾವಿ ಎಲ್ಲವನ್ನೂ ಬಿಡಿಸಿದಳು. ಅಡುಗೆಮನೆಯಿಂದ ಬಾವಿಯವರೆಗಿನ ಗೋಡೆಯುದ್ದಕ್ಕೂ ಒಂದು ಚುಕ್ಕೆಗೆರೆ ಹಾಕಿದಳು. ಕಣ್ಣು ಕಾಣದ ತಾಯಿ ಅಂಗೈ ಊರಿ ನಡೆದೂ ನಡೆದೂ ಸುಣ್ಣದ ಮೇಲೆ ಎಣ್ಣೆಗಪ್ಪಿನ ಗೆರೆ ಬಿದ್ದಿತ್ತಲ್ಲ, ಅದು. ಕೊನೆಗೆ ಗೇಣು ಎಂದರೆ ಎಷ್ಟು ಎಂದು ತಿಳಿಯಲಿ ಎಂದು ತನ್ನ ಕೈಯನ್ನೇ ಕಾಗದದ ಮೂಲೆಯಲ್ಲಿ ಅಗಲಿಸಿಟ್ಟು ಸುತ್ತ ಗೆರೆ ಎಳೆದಳು.

ಹೊರಡುವ ದಿನ ಅಲೆಕ್ಸನ ಟ್ರಂಕಿನಲ್ಲಿ ಅದನ್ನಿಟ್ಟು, "ನಿನ್ನ ಮಾಸ್ತರಿಗೊಮ್ಮೆ ತೋರಿಸು. ಅವರು ಎಂತ ಹೇಳ್ತಾರೋ ಬರಿ. ಬೈದರೂ ಬರಿ," ಎಂದಿದ್ದಳು.

"ಮೊದಲನೇ ದಿನವೇ ತೋರಿಸ್ತೇನೆ, ನೋಡು," ಎಂದಿದ್ದ.

ಓದಲು ಬರುವವಳು ಮನೆಯಲ್ಲಿ ಅವಳೊಬ್ಬಳೇ. ಸಂಜೆ ತಂದೆ ಬಂದ ಮೇಲೆ, ಪಕ್ಕದ ಮನೆಯ ಗ್ಲ್ಯಾಡಿಸ್‌ಬಾಯಿಯೂ ಬಂದು ಕೂತ ಮೇಲೆ, ಕಾಗದ ಬಿಚ್ಚಿದಳು.

ಮೊದಲ ಕ್ಲಾಸಿನ ಸುದ್ದಿಯೇ ಎರಡು ಪುಟ. ಮಾಸ್ತರು ಮುದುಕರಂತೆ, ಕೋಟಿನ ತೋಳೆಲ್ಲ ಸೀಮೆಸುಣ್ಣವಂತೆ. ಹುಡುಗರು ತಂದಿದ್ದ ದೊಡ್ಡ ದೊಡ್ಡ ಪುಸ್ತಕಗಳನ್ನು ಮುಚ್ಚಿಸಿದರಂತೆ. 'ಈ ವರ್ಷ ಇಲ್ಲಿ ಯಾರೂ ಅರಮನೆ ಬಿಡಿಸುವುದಿಲ್ಲ. ದೀಪವಿಲ್ಲದೆ ನಡೆದಾಡಬಲ್ಲ ಮನೆ ಪ್ರತಿಯೊಬ್ಬನಿಗೂ ಒಂದಾದರೂ ಇರುತ್ತದೆ. ನಾಳೆ ಅದನ್ನು ಬಿಡಿಸಿ ತನ್ನಿ' ಎಂದರಂತೆ.

"ಎಂತಹ ಮಾತು ಮಾರಾಯ್ತಿ!" ಎಂದಳು ಗ್ಲ್ಯಾಡಿಸ್‌ಬಾಯಿ. "ಇಲ್ಲಿಯ ಮಾಸ್ತರಿಗೆ ಬೆತ್ತ ಒಂದೇ ಗೊತ್ತುಂಟು."

ಗೆರ್ಟ್ರೂಡ್ ಮುಂದೆ ಓದಿದಳು. 'ನಾನು ನಮ್ಮ ಮನೆಯದೊಂದು ಚಿತ್ರ ಮಾಡಿಟ್ಟಿದ್ದೆ. ಅದನ್ನು ಕೊಟ್ಟೆ. ಸರ್ ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರನ್ನೂ ಮೇಜಿನ ಸುತ್ತ ಕರೆದು, ಇದನ್ನು ಮಾಡಿದವರು ಒಂದೊಂದು ಗೋಡೆಯನ್ನೂ ಮುಟ್ಟಿ ನೋಡಿದ್ದಾರೆ, ನಾನು ಕಲಿಸಬೇಕೆಂದಿದ್ದೂ ಅಷ್ಟೆ ಎಂದರು.'

ಅವಳ ಬೆರಳು ಹಿಂದಕ್ಕೆ ಸರಿದು 'ಮಾಡಿಟ್ಟಿದ್ದೆ' ಎಂಬಲ್ಲಿ ನಿಂತಿತು.

"ಎಂತ, ಅಕ್ಷರ ತಿಳಿಯುದಿಲ್ವಾ?" ತಂದೆ ಕೇಳಿದ.

"ತಿಳೀತದೆ ಪಪ್ಪಾ."

ಓದುವವಳು ಯಾರೆಂದು ಅಲೆಕ್ಸನಿಗೆ ಗೊತ್ತಿತ್ತು. ಓದಿ ಸುಮ್ಮನಿರುವವಳು ಎಂದೂ ಗೊತ್ತಿತ್ತು. ಅವಳು ಓದಿದಳು. ಮೂಲೆಯ ಕೈಚಿತ್ರದ ಮೇಲೆ ಕೈಯಿಡು ಎಂದು ಸರ್ ಹೇಳಿದರಂತೆ. ಅಲೆಕ್ಸನ ಕೈ ಆ ಗೆರೆಗಿಂತ ದೊಡ್ಡದಾಯಿತಂತೆ. ಅದು ತಾನು ಚಿಕ್ಕವನಿದ್ದಾಗಿನ ಕೈ ಎಂದನಂತೆ. ಅಡುಗೆಮನೆಯಿಂದ ಬಾವಿಯವರೆಗಿನ ಚುಕ್ಕೆಗೆರೆ ಏನೆಂದು ಕೇಳಿದ್ದಕ್ಕೆ ಆ ಗೋಡೆಯ ತೇವ ಎಂದನಂತೆ. ಸರ್ ಅವನ ಮುಖವನ್ನೊಮ್ಮೆ ನೋಡಿ, ಚಿತ್ರವನ್ನು ಕ್ಲಾಸಿನ ಗೋಡೆಗೆ ಹಚ್ಚಿಸಿದರಂತೆ.

ಹೆಲನ್‌ಬಾಯಿ ಕಾಗದವನ್ನು ಇಸಿದುಕೊಂಡು ಮುತ್ತಿಟ್ಟಳು. "ನನ್ನ ಪುತಾ! ಅಷ್ಟು ದೂರ ಹೋದರೂ ಮನೆ ಮರೀಲಿಲ್ಲ."

"ತೇವ ಎಲ್ಲುಂಟು?" ತಂದೆಗೆ ಅದೊಂದೇ ಚಿಂತೆ. "ನಾಚಿಕೆಗೇಡು. ಬಿಳಿಯರೆದುರು ನಮ್ಮ ಗೋಡೆ ತೇವ ಅಂತ ಆಯ್ತಲ್ಲ."

ಮರುದಿನವೇ ಸುಣ್ಣ ತಂದು ಆ ಗೋಡೆಗೆ ಎರಡು ಕೈ ಬಳಿದ. ತಾಯಿಯ ಗೆರೆ ಅಳಿಸಿಹೋಯಿತು.

ಆ ಸಂಜೆ ಓದಿದ ಕಾಗದದ ಕೊನೆಯಲ್ಲಿ ಇನ್ನೂ ಒಂದು ಮಾತಿತ್ತು. 'ಮುಂದೆ ಒಂದು ಮಾಳಿಗೆ ಮನೆ ಬಿಡಿಸಬೇಕು. ಕಂಕನಾಡಿಯ ವಿಲ್ಲಿ ಮಾಮನ ಮನೆಯನ್ನು ಗೆರ್ಟ್ರೂಡ್ ಅಳೆದು, ಒಂದು ಕಚ್ಚಾ ನಕ್ಷೆ ಮಾಡಿ ಕಳಿಸಲಿ. ನಾನು ಸರಿಪಡಿಸಿಕೊಳ್ಳುತ್ತೇನೆ.'

"ಸರಿಪಡಿಸಿಕೊಳ್ತಾನೆ," ಎಂದಳು ಗೆರ್ಟ್ರೂಡ್, ಮೆಲ್ಲಗೆ.

"ಹೌದು ಮತ್ತೆ, ನಿನಗೆ ಎಂತ ಗೊತ್ತುಂಟು? ಅವನು ಹೇಳಿದಷ್ಟು ಮಾಡು." ತಂದೆ ಒಳಗೆ ಹೋಗಿ ಅಡಿಕೋಲು ತಂದ. ಅಂಗಿಯ ತುದಿಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟ. "ಜಾಗ್ರತೆ. ಕೆಳಗೆ ಬಿದ್ದರೆ ಅದರ ಗೆಣ್ಣು ಸಡಿಲ ಆಗ್ತದೆ."

ಹತ್ತು ವರ್ಷ ಅವಳು ಆ ಕೋಲನ್ನು ಕಣ್ಣಿನಲ್ಲಿ ಮಾತ್ರ ಮುಟ್ಟಿದ್ದಳು. ಈಗ ಅದು ಅಲೆಕ್ಸನ ಲೆಕ್ಕದಲ್ಲಿ ಅವಳ ಕೈಗೆ ಬಂತು.

ವಿಲ್ಲಿ ಮಾಮನ ಮನೆಯನ್ನು ಅವಳು ಅಡಿಕೋಲಿನಿಂದಲೇ ಅಳೆದಳು. ಒಂದು ಗೋಡೆಗೂ ಕೈ ತಾಗಿಸಲಿಲ್ಲ. ಮಾಮನ ಹೆಂಡತಿ ದಿನವಿಡೀ ಯಾವ ಕಿಟಕಿಯಲ್ಲಿ ನಿಲ್ಲುತ್ತಾಳೆಂದು ಕಂಡಳು. ಅಲ್ಲಿ ಗುರುತು ಹಾಕಲಿಲ್ಲ. ಮೆಟ್ಟಿಲಿನ ಮೂರನೆಯ ಹಲಗೆ ಸವೆದು ನಡುವೆ ಗುಳಿಬಿದ್ದದ್ದನ್ನೂ ಕಂಡಳು. ಉಳಿದ ಹಲಗೆಗಳ ಹಾಗೆಯೇ ನೇರ ಗೆರೆ ಎಳೆದಳು. ಅಡಿ, ಅಂಗುಲ, ಅಷ್ಟೆ. ಮೂಲೆಯಲ್ಲಿ ಬಿಳಿ ಜಾಗ ಉಳಿಯಿತು.

"ಈಗ ನೋಡು, ಇದು ಸರಿಯಾದ ನಕ್ಷೆ," ಎಂದ ತಂದೆ. ಅವಳ ಕೆಲಸವನ್ನು ಅವನು ಹೊಗಳಿದ್ದು ಅದೇ ಮೊದಲು.

ನಕ್ಷೆ ಕಳಿಸಿ ಏಳೆಂಟು ವಾರ ಕಳೆದು ಉತ್ತರ ಬಂತು. ಚಿಕ್ಕ ಕಾಗದ. ಗೆರ್ಟ್ರೂಡ್ ಈ ಸಲ ಕೈ ತಿಕ್ಕಿ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಂಡು ಕೂತಳು.

'ಸರ್ ಮಾಳಿಗೆ ಮನೆಯ ನಕ್ಷೆ ನೋಡಿದರು,' ಎಂದು ಗಟ್ಟಿಯಾಗಿ ಓದಿದಳು. 'ಅಳತೆ ಸರಿಯಿದೆ ಎಂದರು. ಆ ಕೈ ಎಲ್ಲಿ ಹೋಯಿತು ಎಂದು ಕೇಳಿದರು. ನಾನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಪಕ್ಕದವನ ಮೇಜಿಗೆ ಹೋದರು. ಆಮೇಲೆ ನನ್ನ ಕಡೆ ಬರಲಿಲ್ಲ.'

"ಇನ್ನೊಮ್ಮೆ ಓದು," ಎಂದಳು ತಾಯಿ.

ಅವಳು ಇನ್ನೊಮ್ಮೆ ಓದಿದಳು. ಮೊದಲಿನಷ್ಟೇ ಗಟ್ಟಿಯಾಗಿ.

"ಯಾವ ಕೈ?"

"ಗೊತ್ತಿಲ್ಲ ಮಾಂಯ್."

ಹೆಲನ್‌ಬಾಯಿಗೆ ಹಿಂದಿನ ಕಾಗದದ ಕೈಚಿತ್ರ ನೆನಪಾಯಿತು. "ಪಾಪ, ಮಗು ಗಡಿಬಿಡಿಯಲ್ಲಿ ಬಿಟ್ಟಿರಬೇಕು. ಬರಿ ಅವನಿಗೆ: ಪುತಾ, ಮಾಸ್ತರಿಗೆ ಇಷ್ಟ ಅಂತ ಆದ್ರೆ ಮುಂದಿನ ಸಲ ಆ ಕೈಯನ್ನೂ ನೀನೇ ಬಿಡಿಸಿ ಕೊಡು. ಉದಾಸೀನ ಮಾಡಬೇಡ."

ಗೆರ್ಟ್ರೂಡ್ ತಾಯಿಯ ಹೆಸರಿನಲ್ಲಿ, ಒಂದು ಮಾತೂ ಬಿಡದೆ, ಹಾಗೆಯೇ ಬರೆದಳು.