ಪಡಸಾಲಿ ಬಿದ್ದ ದಿನ

ಬಾದಾಮಿಯ ತವರಿಗೆ ಹೋಗಿದ್ದ ಕುಮುದಿನಿ ಮಧ್ಯಾಹ್ನದ ರೈಲಿಗೆ ಬಾಗಲಕೋಟೆಗೆ ಬಂದಿಳಿದಾಗ ಸ್ಟೇಶನ್ನಿನ ಮುಂದೆ ಖಾಸಿಂಸಾಬನ ಟಾಂಗಾ ಇರಲಿಲ್ಲ. ಎದುರುಮನೆಯವನು, ಆ ರೈಲಿಗೆ ಎಂದೂ ತಪ್ಪಿಸಿದವನಲ್ಲ. ಬೇರೆ ಟಾಂಗಾ ಹಿಡಿದು ಬಂದು ಓಣಿಯ ಬಾಯಿಗೇ ಇಳಿದಳು. ಹೊಕ್ಕ ಗಾಡಿಯನ್ನು ತಿರುಗಿಸಲು ಜಾಗವಿಲ್ಲದ ಅವರ ಓಣಿಯೊಳಗೆ ಟಾಂಗಾದವರು ಬರುತ್ತಿರಲಿಲ್ಲ. ಎದುರಿಗೆ ಎಮ್ಮೆ ಬಂದರೂ ಜನ ಯಾರದಾದರೂ ಮನೆಯ ಕಟ್ಟೆ ಹತ್ತಿ ನಿಲ್ಲಬೇಕಾಗುತ್ತಿತ್ತು.

ತಿರುವು ದಾಟಿದವಳೇ ನಿಂತುಬಿಟ್ಟಳು. ಓಣಿತುಂಬ ಕೆಮ್ಮಣ್ಣಿನ ಧೂಳು. ಅವರ ಮನೆಯ ಮುಂದಿನ ಕಟ್ಟೆ ಇರಲಿಲ್ಲ. ಪಡಸಾಲೆಯ ಛಾವಣಿ ಇರಲಿಲ್ಲ. ಒಳಗಿನ ದೇವರಕೋಣೆಯ ಬಾಗಿಲು ಬೀದಿಗೆ ಕಾಣುತ್ತಿತ್ತು. ಅರ್ಧ ಉಳಿದ ಗೋಡೆಯ ಮೇಲೆ ನಿಂತು ಗುದ್ದಲಿ ಹಾಕುತ್ತಿದ್ದವನು ಖಾಸಿಂಸಾಬ.

ಕೈಯಲ್ಲಿದ್ದ ಚೀಲ ಜಾರಿ ಬಿತ್ತು. "ಖಾಸಿಂಸಾಬ! ಏನು ಮಾಡ್ಲಿಕತ್ತೀರಿ? ಇಳೀರಿ ಕೆಳಗ!"

ಅವನು ತಿರುಗಿ ನೋಡಿದ. ಮೋರೆತುಂಬ ಧೂಳು. ಮತ್ತೆ ಗುದ್ದಲಿ ಎತ್ತಿದ.

ಸ್ಟೇಶನ್ನಿನಿಂದ ಪೇಟೆಗೆ ಬಸ್ಸು ಹೋಗುವಂತೆ ಈ ಓಣಿಯನ್ನು ಅಗಲ ಮಾಡಬೇಕೆಂದು ಮುನಸಿಪಾಲಟಿಯವರು ಎರಡು ವರ್ಷದಿಂದ ಓಡಾಡುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡ ಮನೆಗಳು. ಇಳಕಲ್ಲಿನ ಸೀರೆಯ ಗಂಟು ಪೇಟೆಗೆ ಹೋಗಬೇಕಾದರೂ ತಲೆಯ ಮೇಲೇ ಹೋಗಬೇಕು. ಕೊನೆಗೆ ಓಣಿಯ ಮಂದಿಯೆಲ್ಲ ಒಪ್ಪಿದ್ದರು, ಇಬ್ಬರನ್ನು ಬಿಟ್ಟು. ಒಬ್ಬಳು ಕುಮುದಿನಿಯ ಅತ್ತೆ ಭಾಗೀರಥೀಬಾಯಿ. ಆಕೆಯ ಗಂಡ ಊರ ಹುಡುಗರಿಗೆ ಪಾಠ ಹೇಳಿದ ಪಡಸಾಲೆ ಅದು. ಕೂಲಿಗಳು ಬಂದಾಗ ಆಕೆ ಕಟ್ಟೆಯ ಮೇಲೆ ಕೂತು, "ಮೊದಲ ನನ್ನ ಮ್ಯಾಲೆ ಹಾಕ್ರಿ ಗುದ್ದಲಿ" ಅಂದಿದ್ದಳು. ಇನ್ನೊಬ್ಬ ಖಾಸಿಂಸಾಬ. "ಬಸ್ಸು ಒಳಗ ಬಂದ್ರ ನನ್ನ ಟಾಂಗಾ ಯಾರು ಹತ್ತತಾರ?" ಎಂದು ಆಕೆಯ ಪಕ್ಕದಲ್ಲೇ ನಿಂತಿದ್ದ.

ಈಗ ಅವನೇ!

"ಕುಮುದಾ, ಒದರಬ್ಯಾಡ." ನೆರೆಮನೆಯ ಮೆಟ್ಟಿಲ ಮೇಲೆ ಭಾಗೀರಥೀಬಾಯಿ ಕೂತಿದ್ದಳು. ತಲೆಯ ಮೇಲಿನ ಸೆರಗೂ ಧೂಳು. "ಅವನ ಕೈಯಾಗ ಗುದ್ದಲಿ ಕೊಟ್ಟಾಕಿ ನಾನ."

ಅತ್ತೆಗೆ ತಲೆ ಕೆಟ್ಟಿತೇ ಅಂದುಕೊಂಡಳು ಕುಮುದಿನಿ.

"ದಸ್ತಗೀರಬಿ ಹೋದಳು" ಅಂದಳು ಅತ್ತೆ.

ಖಾಸಿಂಸಾಬನ ಹೆಂಡತಿ. ಕುಮುದಿನಿ ಊರಿಗೆ ಹೊರಟಾಗ ತುಂಬು ಬಸಿರಿ, ನಗುತ್ತ ಬಾಗಿಲಿಗೆ ಬಂದಿದ್ದಳು.

"ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ದವಾಖಾನಿ ಮೋಟಾರ ಬಂತು. ಹೆಂಗೋ ಓಣಿಯೊಳಗ ನುಗ್ಗಿ ನಮ್ಮ ಮನಿ ಮುಂದಿನ ಕಟ್ಟಿಗೆ ಸಿಕ್ಕಿಕೊಂಡು ನಿಂತುಬಿಡ್ತು. ಮುಂದ ಬರಲಿಲ್ಲ, ಹಿಂದ ಹೋಗಲಿಲ್ಲ. ಹಿಂದ ಓಣಿ ಬಾಯಾಗ ಹತ್ತಿಯ ಗಾಡಿ ಬಂದು ನಿಂತಿದ್ವು. ಆಕಿನ್ನ ಹೊರಸಿನ ಮ್ಯಾಲೆ ಮಲಗಿಸಿ ಹೊತಗೊಂಡು ನಡದ್ರು. ಕೈ ನಾ ಹಿಡಕೊಂಡಿದ್ದೆ. ಓಣಿ ದಾಟೂದರಾಗ ಆ ಕೈ ತಣ್ಣಗಾತು, ಕುಮುದಾ."

ಕುಮುದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವೂ ಬರಲಿಲ್ಲ.

ಕೂಲಿಗಳ ಮುಕಾದಮ ಹುಲ್ಲಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕೋರ, ಮೋಟಾರ ಒಳಗ ಬಂದಿದ್ರೂ ಉಳಿಯೂದು ಕಷ್ಟ ಇತ್ತಂತ ಡಾಕ್ಟರು ಹೇಳ್ಯಾರ. ಅವ್ವಾರಿಗೆ ನೀವರ ತಿಳಿಸಿ ಹೇಳ್ರಿ. ಇನ್ನಾ ಒಳಗಿನ ಗ್ವಾಡಿ ಉಳದೈತಿ, ಅದನ್ನರ ಉಳಿಸಬಹುದು."

ಅವಳು ಅತ್ತೆಯ ಮುಂದೆ ಕುಕ್ಕರಿಸಿದಳು. "ಅತ್ಯಾ, ಕೇಳಿದ್ರೇನು? ಡಾಕ್ಟರು..."

"ನನಗೂ ಹೇಳ್ಯಾರ. ಕಷ್ಟ ಇತ್ತು ಅಂದ್ರು. ಆಗ್ತಿದ್ದಿಲ್ಲ ಅನ್ನಲಿಲ್ಲ."

"ಇವರು ಹುಬ್ಬಳ್ಳಿಯಿಂದ ಬಂದ್ರ ಏನು ಹೇಳೂದು?"

"ನನ್ನ ಮಗಗ ನಾ ಹೇಳ್ತೇನಿ. ನೀ ಹೆದರಬ್ಯಾಡ."

ಉಳಿದ ಗೋಡೆ ಧೊಪ್ಪನೆ ಬಿತ್ತು. ಭಾಗೀರಥೀಬಾಯಿ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಖಾಸಿಂಸಾಬ ಕೆಳಗಿಳಿದು ಬಂದು ಗುದ್ದಲಿಯನ್ನು ಆಕೆಯ ಕಾಲ ಬಳಿ ಇಟ್ಟ. "ನಾಳಿಗೆ ನನ್ನದು ಒಡೀತೇನಿ, ಅವ್ವಾರ" ಅಂದ. ಆಮೇಲೆ ಕಲ್ಲಿನ ಗುಂಪೆಯ ಮೇಲೆ ಕೂತು ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ಕುಮುದಿನಿಯ ಗಂಡ ವಿಠ್ಠಲ ಹುಬ್ಬಳ್ಳಿಯಿಂದ ಬಂದವನು ತಾಯಿಯ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟ. ಕುಮುದಿನಿಗೂ ಸಿಟ್ಟು ಪೂರ್ತಿ ಇಳಿಯಲಿಲ್ಲ. ತಾನು ಕಲಿಸುವ ಶಾಲೆಯಿಂದ ಬಂದಾಗಲೆಲ್ಲ ಇಲ್ಲದ ಕಟ್ಟೆಗೆ ಕಾಲು ಎತ್ತಿ ಮುಗ್ಗರಿಸುತ್ತಿದ್ದಳು.

ಮಳೆ ಮುಗಿದ ಮೇಲೆ ರಸ್ತೆಗೆ ಖಡಿ ಬಿತ್ತು. ಹುನಗುಂದದ ಬಸ್ಸು ಒಳಗೆ ಬಂದ ಮೊದಲ ದಿನವೇ ಖಾಸಿಂಸಾಬ ಊರು ಬಿಟ್ಟ. ಟಾಂಗಾ ಮಾರಿದ್ದ. ಹುನಗುಂದದಲ್ಲಿ ದಸ್ತಗೀರಬಿಯ ತಾಯಿಯ ಮನೆಯಿತ್ತು. ಕೂಸನ್ನು ಅಲ್ಲೇ ಬೆಳೆಸುವುದಾಗಿ ಹೇಳಿದ. ಬಸ್ಸು ನಿಂತದ್ದು ಪಡಸಾಲೆ ಇದ್ದ ಜಾಗದಲ್ಲಿ. ಅವನು ಕೂಸನ್ನು ಎದೆಗವಚಿಕೊಂಡು ಹತ್ತುವಾಗ ಭಾಗೀರಥೀಬಾಯಿ ಒಂದು ಕೌದಿ ಕಿಟಕಿಯೊಳಗೆ ತುರುಕಿದಳು. ಹಾರ್ನು ಹೊಡೆದು ಬಸ್ಸು ಹೊರಟಿತು. ಧೂಳು ದೇವರಕೋಣೆಯವರೆಗೂ ನುಗ್ಗಿತು.

"ಹುನಗುಂದಕ್ಕ ಎಷ್ಟೊತ್ತಿಗೆ ಮುಟ್ಟತದ ಇದು?" ಅತ್ತೆ ಕೇಳಿದಳು.

"ಸಂಜಿಮುಂದ."

"ಅಲ್ಲೀತನಾ ಕೂಸಿಗೆ ಹಾಲು?"

"ಬಾಟ್ಲಿಯೊಳಗ ತುಂಬಿ ಕೊಟ್ಟೇನಿ, ಅತ್ಯಾ" ಅಂದಳು ಕುಮುದಿನಿ.