ಬ್ರೇಕ್ ಹಿಡಿಯದ ಗಾಡಿ

ಹದಿನೆಂಟು ವರ್ಷ ಮೋಟಾರ್ ಸೈಕಲ್ ಮುಟ್ಟದವನು ಐವತ್ತೆರಡನೇ ವಯಸ್ಸಿನಲ್ಲಿ ಗಾಡಿ ಹುಡುಕಲು ಹೊರಟರೆ ನೋಡಿದವರು ನಗುತ್ತಾರೆ. ಬೈಂಡರ್‌ಗೂ ಅದು ಗೊತ್ತಿತ್ತು. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ಹೊಸ ರಟ್ಟು ಅಂಟಿಸುವ ಕಸುಬಿನಿಂದ ಬಂದ ಹೆಸರದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಎರಡು ತಿಂಗಳಿಂದ ಪ್ರತಿ ಭಾನುವಾರ ಗಂಡ ಹೆಂಡಿರಿಬ್ಬರೂ ಹಳೇ ಗಾಡಿ ಮಾರುವ ಅಂಗಡಿಗಳನ್ನು ಸುತ್ತುತ್ತಿದ್ದರು. ಒಂದು ಗಾಡಿ ಎತ್ತರವಾಯಿತು, ಒಂದು ಭಾರವಾಯಿತು, ಇನ್ನೊಂದು ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮಿತು.

"ಚಪ್ಪಲಿ ಅಂಗಡಿಯವನು ನಿಮ್ಮನ್ನ ಕಂಡ್ರೆ ಯಾಕೆ ಒಳಗೆ ಹೋಗಿಬಿಡ್ತಾನೆ ಅಂತ ಈಗ ಗೊತ್ತಾಯ್ತು," ಎಂದಳು ಹೆಂಡತಿ.

ಅವಳದು ಎರಡೇ ಶರತ್ತು. ಬ್ರೇಕ್ ಚೆನ್ನಾಗಿರಬೇಕು, ಮತ್ತು ತನ್ನ ಅಣ್ಣನ ಕೈ ಮುಟ್ಟಿದ ಗಾಡಿಯಾಗಿರಬಾರದು.

ಎರಡನೆಯದಕ್ಕೆ ಅರ್ಥವೇ ಇರಲಿಲ್ಲ. ಅಣ್ಣ ಗ್ಯಾರೇಜು ಮುಚ್ಚಿ ಹದಿನೇಳು ವರ್ಷವಾಗಿತ್ತು. ಈಗ ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದಾನೆಂದು ಯಾರೋ ಹೇಳಿದಾಗ, "ಒಳ್ಳೇದಾಯ್ತು ಬಿಡಿ, ಪಂಪಿಗೆ ಬ್ರೇಕ್ ಇರಲ್ಲ," ಎಂದು ಎದ್ದು ಹೋಗಿದ್ದಳು.

ಅವಳ ಸಿಟ್ಟಿಗೂ ಕಾರಣವಿತ್ತು. ಹದಿನೆಂಟು ವರ್ಷದ ಹಿಂದೆ ಒಂದು ದಿನ ಬೈಂಡರನ ಗಾಡಿ ಭಾವನ, ಅಂದರೆ ಅವಳ ಈ ಅಣ್ಣನ, ಗ್ಯಾರೇಜಿನಲ್ಲಿ ಕರುಳು ಬಿಚ್ಚಿಕೊಂಡು ಬಿದ್ದಿತ್ತು. ಭಾವ ತನ್ನದೇ ಗಾಡಿಯ ಕೀಲಿ ಕೊಟ್ಟು, "ಬೆಳಿಗ್ಗೆ ತಾನೇ ಹೊಸ ಬ್ರೇಕ್ ಹಾಕಿದೀನಿ, ಧೈರ್ಯವಾಗಿ ಹೋಗಿಬನ್ನಿ," ಎಂದ. ಮೂರನೇ ತಿರುವಿನಲ್ಲಿ ವ್ಯಾನೊಂದು ಅಡ್ಡ ಬಂತು. ಬೈಂಡರ್ ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದ. ಗಾಡಿ ನಿಲ್ಲಲಿಲ್ಲ. ಅವನಿಗೆ ಮೊಣಕೈ ತರಚಿತು. ಹಿಂದೆ ಕೂತಿದ್ದ ಅವಳ ಬಲಮಂಡಿ ಮೂರು ಚೂರಾಯಿತು.

ಆಸ್ಪತ್ರೆಗೆ ಬಂದವರಿಗೆಲ್ಲ ಅವನದು ಒಂದೇ ಮಾತು: "ಒತ್ತಿದೆ, ಬ್ರೇಕ್ ಹಿಡೀಲಿಲ್ಲ." ಹಣ್ಣು ಹಿಡಿದು ಬಂದ ಅಣ್ಣನನ್ನು ಕಂಡು ತಂಗಿ ಗೋಡೆ ಕಡೆ ಮುಖ ತಿರುಗಿಸಿದಳು. ಅಂದು ಬಿಟ್ಟ ಮಾತು ಮತ್ತೆ ಕೂಡಲಿಲ್ಲ. ಒಡಹುಟ್ಟಿದವಳ ಕಾಲನ್ನೇ ಮುರಿದವನ ಹತ್ತಿರ ಗಾಡಿ ಬಿಡುವವರು ಯಾರು? ವರ್ಷ ತುಂಬುವುದರೊಳಗೆ ಗ್ಯಾರೇಜಿಗೆ ಬೀಗ ಬಿತ್ತು. ಬಿಚ್ಚಿಟ್ಟ ತನ್ನ ಗಾಡಿಯನ್ನು ಬೈಂಡರ್ ಕೇಳಲೂ ಹೋಗಲಿಲ್ಲ. ಭಾವ ಮಾತ್ರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಾತಾಡದವನು ಒಪ್ಪಿಕೊಂಡ ಹಾಗೆ ಎಂದು ನೆಂಟರೆಲ್ಲ ತೀರ್ಪು ಕೊಟ್ಟರು. ನೆಂಟರು ಕೊಟ್ಟ ತೀರ್ಪನ್ನು ತಿದ್ದುವ ಕೋರ್ಟು ಎಲ್ಲೂ ಇಲ್ಲ.

ಈಗ ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. "ಸಾಕು ನಿಮ್ಮ ಭಯ, ಒಂದು ಗಾಡಿ ತಗೊಳ್ಳಿ," ಎಂದು ಅವಳೇ ಹಟ ಹಿಡಿದಿದ್ದಳು.

ಆರನೇ ಅಂಗಡಿಯ ಯಜಮಾನಿ ಕೊರಳಿಗೆ ಕೀಲಿಗೊಂಚಲು ಹಾಕಿಕೊಂಡು ಓಡಾಡುವ ಗಟ್ಟಿ ಹೆಂಗಸು. ಅವಳು ಮೂಲೆಯಿಂದ ತಳ್ಳಿ ತಂದ ಗಾಡಿ ಕಂಡು ಬೈಂಡರನ ಮುಖ ಅರಳಿತು. ತಗ್ಗಿನ ಸೀಟು, ಎರಡೂ ಪಾದ ನೆಲಕ್ಕೆ ಊರುತ್ತಿದ್ದವು, ಇಂಜಿನ್ನಿನದು ಊಟ ಮುಗಿಸಿದವನ ನೆಮ್ಮದಿಯ ಸದ್ದು. ಹೆಂಡತಿ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು ನೋಡಿದಳು, ಬ್ರೇಕಿನ ವಿಷಯ ಮೂರು ಸಲ ಕೇಳಿದಳು, ಕೊನೆಗೆ ಇಳಿದು ಕುರ್ಚಿಯಲ್ಲಿ ಕೂತು, "ಹೋಗಿ, ಒಂದು ಸುತ್ತು ಹಾಕಿ," ಎಂದಳು.

ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು ಎಂದು ಮನಸ್ಸಿನಲ್ಲೇ ಜಪಿಸುತ್ತ ಬೈಂಡರ್ ಅಂಗಡಿಯ ಹಿತ್ತಲಿನಲ್ಲಿ ಹೊರಟ. ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ ಜಪ ಮರೆತು ಹೋಗಿ ಖುಷಿ ಉಕ್ಕಿತು. ಇದೇ ನನ್ನ ಗಾಡಿ ಎಂದುಕೊಂಡ. ಅಷ್ಟರಲ್ಲಿ ನಿಂತಿದ್ದ ಕಾರಿನಡಿಯಿಂದ ಬೆಕ್ಕೊಂದು ಛಂಗನೆ ನೆಗೆಯಿತು. ಬೈಂಡರ್ ಬಲವಾಗಿ ಒತ್ತಿದ. ಗಾಡಿ ನಿಲ್ಲುವ ಬದಲು ಮುಂದಕ್ಕೆ ಜಗ್ಗಿ, ಹಳೇ ಟೈರುಗಳ ರಾಶಿಗೆ ಹೋಗಿ ಗುದ್ದಿಕೊಂಡಿತು.

"ಒತ್ತಿದೆ! ಬ್ರೇಕ್ ಹಿಡೀಲಿಲ್ಲ!" ಬಿದ್ದಲ್ಲಿಂದಲೇ ಕೂಗಿದ.

ಬೆಕ್ಕು ಗೋಡೆ ಮೇಲಿತ್ತು. ಅವನಿಗೂ ಏನೂ ಆಗಿರಲಿಲ್ಲ. ಆದರೆ ಹೆಂಡತಿ ಕುಂಟುತ್ತ ಬಂದು ಯಜಮಾನಿಯ ಮೇಲೆ ಮುಗಿಬಿದ್ದಳು. "ಬ್ರೇಕ್ ಚೆನ್ನಾಗಿದೆ ಅಂತ ಬಾಯ್ತುಂಬ ಹೇಳಿದ್ರಲ್ಲ! ನಮ್ಮಣ್ಣನೂ ಹೀಗೇ ಹೇಳಿದ್ದ! ಕೆಲಸ ಬರದಿದ್ರೆ ಅಂಗಡಿ ಯಾಕೆ ಇಟ್ಕೋತೀರಿ?"

ಯಜಮಾನಿ ಗಾಡಿ ಎತ್ತಿ ನಿಲ್ಲಿಸಿ, ಮುಂದಕ್ಕೆ ತಳ್ಳಿ, ಬಲಗಡೆಯ ಬ್ರೇಕನ್ನು ಕೈಯಿಂದಲೇ ಅದುಮಿದಳು. ಚಕ್ರ ಗಕ್ಕನೆ ನಿಂತಿತು.

"ನಾನು ನೋಡ್ತಾನೇ ಇದ್ದೆ ಸಾರ್. ನೀವು ಒತ್ತಿದ್ದು ಎಡಗಾಲಲ್ಲಿ. ಅದು ಗೇರು. ಮೊದಲು ಬಲಗಡೆ ಗೇರಿರೋ ಹಳೇ ಕಾಲದ ಗಾಡಿ ಓಡಿಸ್ತಿದ್ರಾ? ಅದರಲ್ಲಿ ಬ್ರೇಕ್ ಎಡಗಡೆ. ನೆಮ್ಮದೀಲಿ ಇರೋವಾಗ ಕಾಲು ಹೇಳಿದ ಮಾತು ಕೇಳುತ್ತೆ. ಗಾಬರಿ ಆದ್ರೆ ಹಳೇ ಚಾಳಿನೇ."

ಬೈಂಡರ್ ತನ್ನ ಎಡಗಾಲನ್ನು ನೋಡಿಕೊಂಡ. ಅದು ಇನ್ನೂ ನೆಲವನ್ನು ಒತ್ತಿ ಹಿಡಿದೇ ಇತ್ತು. ಹೌದು, ಅವನ ಹಳೇ ಗಾಡಿಗೆ ಬ್ರೇಕ್ ಎಡಗಡೆಯೇ ಇತ್ತು. ಗಾಡಿ ಬಿಟ್ಟ ಮೇಲೂ ಆ ಕಾಲಿಗೆ ಬಿಡುವು ಸಿಕ್ಕಿರಲಿಲ್ಲ. ಕಾಗದ ಕತ್ತರಿಸುವ ಯಂತ್ರದ ಮೆಟ್ಟು ಎಡಗಾಲಿಗೇ ಇರುವುದು, ಒತ್ತಿದರೆ ಕಾಗದದ ಕಟ್ಟು ಅಲುಗಾಡದೆ ನಿಲ್ಲುತ್ತದೆ. ಮತ್ತೆ ಅವತ್ತು, ಆ ವ್ಯಾನು ಬಂದಾಗ? ಭಾವನ ಗಾಡಿಗೆ ಬ್ರೇಕ್ ಇದ್ದದ್ದು ಬಲಗಡೆ. ತಾನು ಒತ್ತಿದ್ದು ನಿಜ, ಗಾಡಿ ಮುಂದಕ್ಕೆ ಜಗ್ಗಿದ್ದೂ ನಿಜ. ಅದೇ ಜಗ್ಗು. ಈಗ ತಾನೇ ಅಂಗಾಲಿಗೆ ಗೊತ್ತಾದ ಅದೇ ಜಗ್ಗು.

ಕುಣಿಯಲಾರದವಳು ನೆಲ ಡೊಂಕು ಎಂದರೆ ನಕ್ಕು ಬಿಡಬಹುದು. ಇವನು ಡೊಂಕು ಎಂದದ್ದು ಒಬ್ಬ ಮನುಷ್ಯನ ಕಸುಬನ್ನು, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ನಂಟನ್ನು.

ಹೆಂಡತಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ನಡೀರಿ, ಇಂಥವರ ಹತ್ರ ವ್ಯಾಪಾರವೇ ಬೇಡ," ಎಂದು ಅವನ ತೋಳು ಹಿಡಿದೆಳೆದಳು. ಸುಮ್ಮನೆ ಹೋಗಿಬಿಡಬಹುದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು ಹದಿನೆಂಟು ವರ್ಷ ಕಳೆದವನಿಗೆ ಇನ್ನೊಂದು ಬರೆ ಹೆಚ್ಚೇನಲ್ಲ. ಆದರೆ ಯಜಮಾನಿ ಅವನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಭಾವನ ಮುಖದ ಅದೇ ಮೌನವಿತ್ತು.

"ಬ್ರೇಕ್ ಸರಿ ಇದೆ ಕಣೇ," ಎಂದ. "ಅವತ್ತೂ ಸರಿ ಇತ್ತು. ನಾನು ಎಡಗಾಲಲ್ಲಿ ಒತ್ತಿದ್ದೆ. ಗೇರನ್ನ ಒತ್ತಿದ್ದೆ. ನಿಮ್ಮಣ್ಣಂದು ಏನೂ ತಪ್ಪಿರಲಿಲ್ಲ."

ಅವಳು ಅವನ ತೋಳು ಬಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ಟೈರಿನ ಮೇಲೆ ಕುಸಿದು ಕೂತು, "ಹದಿನೆಂಟು ವರ್ಷ," ಎಂದಳು, ಅಷ್ಟೇ. ಆಮೇಲೆ ಫೋನು ತೆಗೆದು ಒಂದು ನಂಬರು ಒತ್ತಿದಳು. ಆ ನಂಬರು ಫೋನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಅದು ಅವಳಿಗೆ ಬಾಯಿಪಾಠವಾಗಿದೆ ಎಂದು ಗಂಡನಿಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಗಂಡನಿಗೂ ಕೇಳಲೆಂದು ಸ್ಪೀಕರ್ ಹಾಕಿ ಮಡಿಲಲ್ಲಿಟ್ಟುಕೊಂಡಳು.

"ಅಣ್ಣಾ, ನಾನು."

ಆ ಕಡೆ ಕಬ್ಬಿಣದ ಸಾಮಾನೇನೋ ಕೈಜಾರಿ ಬಿದ್ದ ಸದ್ದಾಯಿತು. "ಮಂಡಿ ಹೇಗಿದೆ?" ಎಂದಿತು ಭಾವನ ದನಿ.

ಅವಳಿಗೆ ಅಳು ಒತ್ತರಿಸಿ ಬಂತು. "ಇವರು... ಇವತ್ತು ಒಂದು ಗಾಡಿ ಓಡಿಸಿ ನೋಡೋಕೆ ಹೋಗಿ ಗುದ್ದಿದ್ರು. ಏನೂ ಆಗಿಲ್ಲ. ಬ್ರೇಕ್ ಹಿಡೀಲಿಲ್ಲ ಅಂತ ಕೂಗಿದ್ರು..."

"ಎಡಗಾಲಲ್ಲಿ ಒತ್ತಿದನಾ?"

ಹೆಂಡತಿ ತಲೆ ಎತ್ತಿ ಗಂಡನನ್ನು ನೋಡಿದಳು.

"ನಿಂಗೆ ಗೊತ್ತಿತ್ತಾ ಅಣ್ಣ?"

"ಅವತ್ತು ಗಾಡಿ ಎತ್ತಿದಾಗಲೇ ನೋಡ್ದೆ. ಬ್ರೇಕ್ ಹೊಸದಾಗೇ ಇತ್ತು. ಗೇರಿನ ಲಿವರ್ ಮಾತ್ರ ಬಗ್ಗಿಹೋಗಿತ್ತು. ಪಾಪ, ಒತ್ತಿದ್ದು ಯಾವುದು ಅಂತ ಅವನಿಗೇ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನೀನು ಅವನ ಜೊತೆ ಮಾತು ಬಿಡ್ತಿದ್ದೆ. ನಿನ್ನ ಹಟ ನಂಗೆ ಗೊತ್ತಿಲ್ವಾ? ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಬೇಕಾದ್ರೂ ಬಾಳಬಹುದು. ಗಂಡನ ಜೊತೆ ಒಂದೇ ಮನೇಲಿ ಹೇಗೆ ಬಾಳ್ತಿದ್ದೆ?"

ಬೈದಿದ್ದರೆ ಬೈಂಡರ್‌ಗೆ ಹಗುರವಾಗುತ್ತಿತ್ತು. ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಯಜಮಾನಿ ಕೀಲಿ ಹುಡುಕುವ ನೆಪದಲ್ಲಿ ಒಳಗೆ ಹೋದಳು.

"ಅಂದ್ಹಾಗೆ," ಎಂದ ಭಾವ, "ಅವನಿಗೆ ಆ ಎಡಗಡೆ ಗೇರಿನ ಗಾಡಿ ಕೊಡಿಸಬೇಡ. ಬಿಚ್ಚಿದ್ದ ಅವನ ಹಳೇ ಗಾಡಿ ಇಲ್ಲೇ ಇದೆ. ಒಂದು ಸ್ಕ್ರೂನೂ ಕಳೆದಿಲ್ಲ, ಎಣ್ಣೆ ಹಚ್ಚಿ ಇಟ್ಟಿದೀನಿ. ನಾನು ಮುಟ್ಟಿದ ಗಾಡಿ ಬೇಡ ಅಂತ ನೀನು ಹೇಳ್ತಿದ್ದೆಯಂತಲ್ಲ, ಅದಕ್ಕೆ ಜೋಡಿಸಲಿಲ್ಲ."

"ಜೋಡಿಸು," ಎಂದಳು ತಂಗಿ. "ನೀನು ಮುಟ್ಟದ ಗಾಡಿ ನಾನಿನ್ನು ಹತ್ತಲ್ಲ. ಈಗಲೇ ಬರ್ತೀವಿ."

ಫೋನಿಟ್ಟು ಅವಳು ಗೋಡೆ ಕಡೆ ಮುಖ ತಿರುಗಿಸಿದಳು. ಬೈಂಡರ್ ಹತ್ತಿರ ಹೋಗುವ ಧೈರ್ಯ ಸಾಲದೆ ದೂರದಲ್ಲೇ ನಿಂತ. ಕೊನೆಗೆ, ತಿರುಗಿ ನೋಡದೆಯೇ ಅವಳು ಹೇಳಿದಳು:

"ಅಣ್ಣನ ಮನೆ ಕಡೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳ್ಕೊಂಡು ಬನ್ನಿ."